ರೊಕ್‌ಫೋರ್: ಗಾಳಿ ಮಾರಿ ಬದುಕುವ ಹಳ್ಳಿ

ಪ್ರಶ್ನೆ: ಫ್ರಾನ್ಸ್‌ನಲ್ಲಿ ಓದುತ್ತಿರುವ ಮಗಳು ರಜೆಗೆ ಬರುವಾಗ ಒಂದು ಚೀಸ್ ತಂದಿದ್ದಳು. ಒಳಗೆಲ್ಲ ನೀಲಿ-ಹಸಿರು ಬೂಷ್ಟು, ವಾಸನೆ ಕೇಳಲೇಬೇಡಿ. ಅದರ ಮೇಲೆ 'ರೊಕ್‌ಫೋರ್' ಅಂತ ಬರೆದಿತ್ತು. ಅದೊಂದು ಸಣ್ಣ ಹಳ್ಳಿಯ ಹೆಸರಂತೆ. ಅಲ್ಲಿ ಐನೂರು ಆರುನೂರು ಜನ ಇದ್ದರೆ ಹೆಚ್ಚು ಅಂದಳು. ಅಷ್ಟು ಪುಟ್ಟ ಊರು ಲೋಕಕ್ಕೆಲ್ಲ ಚೀಸ್ ಮಾಡಿ ಕಳಿಸುವುದು ಹೇಗೆ ಸಾಧ್ಯ? ಎಲ್ಲೋ ಮಾಡಿ ಊರಿನ ಹೆಸರು ಅಂಟಿಸುತ್ತಾರಾ? ಆ ಊರಿನ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ ಇದೆ. ಆ ಚೀಸ್‌ನ ಹಾಲು ಆ ಊರಿನದಲ್ಲ. ಸುತ್ತಲ ನೂರಾರು ಹಳ್ಳಿಗಳಲ್ಲಿ ಕುರಿ ಸಾಕುವವರ ಕೊಟ್ಟಿಗೆಯಿಂದ ಬರುತ್ತದೆ. ಹಾಲಿಗೆ ಹೆಪ್ಪು ಹಾಕಿ ಬಿಳಿ ಗಟ್ಟಿ ಮಾಡುವುದೂ ಹೆಚ್ಚಾಗಿ ಆ ಸೀಮೆಯ ಬೇರೆ ಬೇರೆ ಡೈರಿಗಳಲ್ಲೇ. ರೊಕ್‌ಫೋರ್‌ಗೆ ಅದು ಬರುವುದು ಹಣ್ಣಾಗುವುದಕ್ಕೆ. ತೋಟದಲ್ಲಿ ಕಿತ್ತ ಮಾವಿನಕಾಯಿಯನ್ನು ಮನೆಗೆ ತಂದು ಹುಲ್ಲಿನಲ್ಲಿಟ್ಟು ಹಣ್ಣು ಮಾಡುತ್ತೇವಲ್ಲ, ಹಾಗೆ. ಹುಲ್ಲು ಎಲ್ಲಿ ಬೇಕಾದರೂ ಸಿಗುತ್ತೆ. ಈ ಚೀಸ್ ಹಣ್ಣಾಗಲು ಬೇಕಾದ ಗಾಳಿ ಮಾತ್ರ ಆ ಒಂದು ಗುಡ್ಡದಲ್ಲೇ ಸಿಗುತ್ತದೆ ಅನ್ನುವುದು ಅವರ ವಾದ. ಆ ವಾದವನ್ನು ಅವರು ಆರುನೂರು ವರ್ಷದಿಂದ ಕಾಗದದ ಮೇಲೆ ಬರೆಸಿಕೊಂಡು, ಮತ್ತೆ ಮತ್ತೆ ಕೋರ್ಟಿಗೆ ಹೋಗಿ ಗೆದ್ದುಕೊಂಡು ಬಂದಿದ್ದಾರೆ. ಊರಿನ ನಿಜವಾದ ಆಸ್ತಿ ಅಂದರೆ ಗುಡ್ಡದ ಬಿರುಕು ಮತ್ತು ಆ ಕಾಗದ. ಎರಡರಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ, ನಾನು ಕಾಗದ ಅನ್ನುತ್ತೇನೆ. ಹಾಲಿನ ತಂತ್ರಜ್ಞಾನ ಓದಿದವನು ನಾನು, ಬೂಷ್ಟಿನ ಪರ ನಿಲ್ಲಬೇಕಿತ್ತು. ಏನು ಮಾಡೋದು!

ಮೊದಲು ಗುಡ್ಡದ ವಿಷಯ. ಊರಿನ ಪೂರ್ತಿ ಹೆಸರು ರೊಕ್‌ಫೋರ್-ಸ್ಯುರ್-ಸುಲ್ಜೋನ್. ಸುಲ್ಜೋನ್ ಅನ್ನುವುದು ಕೆಳಗೆ ಹರಿಯುವ ಸಣ್ಣ ಹೊಳೆ. ಫ್ರಾನ್ಸ್‌ನ ದಕ್ಷಿಣದ ಅವೆರೊನ್ ಜಿಲ್ಲೆಯಲ್ಲಿದೆ. ಹತ್ತಿರದ ಪಟ್ಟಣ ಮಿಯೋ. 2004ರಲ್ಲಿ ತಾರ್ನ್ ನದಿಯ ಕಣಿವೆಗೆ ಅಡ್ಡಲಾಗಿ ಕಟ್ಟಿದ, ಐಫೆಲ್ ಗೋಪುರಕ್ಕಿಂತ ಎತ್ತರದ ಸೇತುವೆಯ ಫೋಟೋ ನೋಡಿರುತ್ತೀರಿ. ಅದೇ ಮಿಯೋ.

ಆ ಕಡೆಯದೆಲ್ಲ ಸುಣ್ಣಕಲ್ಲಿನ ಎತ್ತರದ ಬಯಲು. ಅಲ್ಲಿನವರು 'ಕೋಸ್' ಅನ್ನುತ್ತಾರೆ. ಅದರಲ್ಲಿ ದೊಡ್ಡದು ಲಾರ್ಜಾಕ್. ಸುಣ್ಣಕಲ್ಲು ಜರಡಿ ಇದ್ದ ಹಾಗೆ, ಮಳೆ ಬಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ, ಸೀದಾ ಒಳಗೆ ಇಳಿಯುತ್ತದೆ. ಹೊಳೆ ಇಲ್ಲ, ಕೆರೆ ಇಲ್ಲ. ಕುರಿಗಳಿಗೆ ನೀರು ಕುಡಿಸಲು ಜನ ತಗ್ಗು ನೋಡಿ, ಜೇಡಿ ಮೆತ್ತಿ, ಮೇಲೆ ಕಲ್ಲು ಹಾಸಿ ದುಂಡನೆಯ ಹೊಂಡ ಕಟ್ಟಿದರು. ಇದಕ್ಕೆ 'ಲವೋನ್ಯ' ಅಂತ ಹೆಸರು. ಇಂಥ ನೆಲದಲ್ಲಿ ಗೋಧಿ ಹೇಳಿಕೊಳ್ಳುವ ಹಾಗೆ ಬೆಳೆಯುವುದಿಲ್ಲ, ದ್ರಾಕ್ಷಿಗೆ ಚಳಿ ಜಾಸ್ತಿ, ಹಸುವಿಗೆ ಹುಲ್ಲು ಸಾಲದು. ಉಳಿದದ್ದು ಕುರಿ. 12ನೇ ಶತಮಾನದಲ್ಲಿ ಬಂದ ಟೆಂಪ್ಲರ್ ಯೋಧ-ಸನ್ಯಾಸಿಗಳೂ ಈ ಬಯಲಲ್ಲಿ ಕುರಿಯನ್ನೇ ಸಾಕಿದರು. ಕುರಿ ಮೇಯಿಸುವ ಈ ಬದುಕಿಗಾಗಿಯೇ 2011ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಬಯಲಿನ ಪಕ್ಕಕ್ಕೆ, ಬೇರೆಯಾಗಿ ನಿಂತ ಒಂದು ತುಂಡು ಗುಡ್ಡ ಕೊಂಬಾಲು. ಎತ್ತರ ಸುಮಾರು 800 ಮೀಟರ್. ಮೇಲೆ ಸುಣ್ಣಕಲ್ಲಿನ ದಪ್ಪ ಹಾಸು, ಕೆಳಗೆ ಜೇಡಿಮಣ್ಣು. ನೀರು ಇಳಿದು ಇಳಿದು ಜೇಡಿ ಮೆತ್ತಗಾಗಿ, ಮೇಲಿನ ಬಂಡೆ ತನ್ನ ಭಾರಕ್ಕೆ ತಾನೇ ಸೀಳಿ ಉತ್ತರದ ಪಕ್ಕಕ್ಕೆ ಜಾರಿತು. ಮನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಬಿದ್ದು, ಸುಮಾರು ಎರಡು ಕಿಲೋಮೀಟರ್ ಉದ್ದದ ಕಲ್ಲುರಾಶಿ ಆಯಿತು. ಊರು ಇರುವುದು ಆ ರಾಶಿಯ ಮೇಲೇ. ಬಿಸಿಲು ಕಡಿಮೆ ಬೀಳುವ ಪಕ್ಕ ಅದು. ಮನೆ ಕಟ್ಟುವವರು ಯಾರೂ ಆರಿಸಿಕೊಳ್ಳುವ ಜಾಗವಲ್ಲ. ಆದರೆ ಬಂಡೆಗಳ ನಡುವೆ ಉಳಿದ ಸಂದುಗಳಿವೆಯಲ್ಲ, ಅವಕ್ಕೆ 'ಫ್ಲೂರೀನ್' ಅಂತ ಹೆಸರು. ಅವೇ ಊರಿನ ಅನ್ನ.

ಫ್ಲೂರೀನ್ ಕೆಲಸ ಮಾಡುವುದು ಹೀಗೆ. ಹೊರಗಿನ ಗಾಳಿ ಬಿರುಕಿನಲ್ಲಿ ಇಳಿಯುತ್ತದೆ. ತಣ್ಣನೆಯ ಕಲ್ಲಿಗೆ, ಒಳಗೆ ಜಿನುಗುವ ನೀರಿಗೆ ತಾಗಿ ತಂಪಾಗಿ, ತೇವ ಹೀರಿಕೊಂಡು, ಚೀಸ್ ಇಡುವ ಗವಿಯೊಳಗೆ ಹೊರಬರುತ್ತದೆ. ಬೇಸಿಗೆ ಇರಲಿ, ಚಳಿಗಾಲ ಇರಲಿ, ಗವಿಯ ಉಷ್ಣತೆ ಹೆಚ್ಚುಕಡಿಮೆ 8ರಿಂದ 12 ಡಿಗ್ರಿ. ತೇವಾಂಶ ಶೇಕಡಾ 95ರ ಹತ್ತಿರ. ಕರೆಂಟಿಲ್ಲ, ಯಂತ್ರವಿಲ್ಲ. ಫ್ರಿಜ್ ಅನ್ನುವುದು ಹುಟ್ಟುವ ಎಷ್ಟೋ ಶತಮಾನ ಮೊದಲು ಇಲ್ಲಿ ಫ್ರಿಜ್ ಇತ್ತು ಅನ್ನಿ, ಬಾಡಿಗೆ ಇಲ್ಲದ್ದು. ಇದಕ್ಕಿರುವ ನಿಯಂತ್ರಣ ಅಂದರೆ ಒಂದು ಮರದ ಬಾಗಿಲು. ಗವಿ ನೋಡಿಕೊಳ್ಳುವ ಮೇಸ್ತ್ರಿ ಗಾಳಿ ನೋಡಿ ಅದನ್ನು ಒಂದಿಷ್ಟು ತೆರೆಯುತ್ತಾನೆ, ಒಂದಿಷ್ಟು ಮುಚ್ಚುತ್ತಾನೆ.

ನಾನು ಆ ಗವಿ ನೋಡಿದ್ದು ಬೇಸಿಗೆಯ ಮಧ್ಯಾಹ್ನ. ಹೊರಗೆ ಬೆವರು. ಮೆಟ್ಟಿಲು ಇಳಿದಂತೆ ಅಂಗಿ ಮೈಗೆ ತಣ್ಣಗೆ ಅಂಟಿತು. ಗೋಡೆಯಲ್ಲಿ ಒಂದು ಕಪ್ಪು ಸಂದು. ಅಂಗೈ ಹಿಡಿದರೆ ಯಾರೋ ಒಳಗೆ ಕೂತು ನಿಧಾನಕ್ಕೆ ಉಸಿರು ಬಿಟ್ಟ ಹಾಗೆ ಗಾಳಿ. ವಾಸನೆ ಚೀಸಿನದಲ್ಲ. ಮೊದಲ ಮಳೆ ಬಿದ್ದ ಮಾರನೇ ದಿನ ಹಳೇ ಮನೆಯ ಅಟ್ಟ ಹತ್ತಿದರೆ ಬರುತ್ತದಲ್ಲ, ಆ ವಾಸನೆ. ಓಕ್ ಮರದ ಹಲಗೆಗಳು ಕಪ್ಪಾಗಿ, ಮುಟ್ಟಿದರೆ ಒದ್ದೆ. ನನ್ನ ಜೊತೆ ಇದ್ದ ಹತ್ತು ಜನರೂ ದನಿ ತಗ್ಗಿಸಿ ಮಾತಾಡುತ್ತಿದ್ದರು, ಯಾರೂ ಹೇಳದಿದ್ದರೂ.

ಇನ್ನು ಬೂಷ್ಟು. ಊರಿನವರು ಒಂದು ಕಥೆ ಹೇಳುತ್ತಾರೆ. ಕುರಿ ಕಾಯುವ ಹುಡುಗನೊಬ್ಬ ರೊಟ್ಟಿ, ಕುರಿಹಾಲಿನ ಗಟ್ಟಿಮೊಸರು ಗವಿಯಲ್ಲಿಟ್ಟು ದಾರಿಯಲ್ಲಿ ಹೋಗುತ್ತಿದ್ದ ಚೆಂದದ ಹುಡುಗಿಯ ಹಿಂದೆ ಹೋದನಂತೆ. ತಿಂಗಳುಗಟ್ಟಲೆ ಬಿಟ್ಟು ಬಂದರೆ ಎಲ್ಲಕ್ಕೂ ಬೂಷ್ಟು ಹಿಡಿದಿತ್ತಂತೆ. ಹಸಿವಿಗೆ ತಿಂದನಂತೆ. ಪ್ರವಾಸಿಗರಿಗೆ ಹೇಳುವ ಕಥೆ, ಸುಮ್ನೆ ಕೇಳಿಸಿಕೊಳ್ಳಬಹುದು. ರೊಟ್ಟಿಯ ಪಾತ್ರ ಮಾತ್ರ ನಿಜ. ರೈ ಹಿಟ್ಟಿನ ದೊಡ್ಡ ರೊಟ್ಟಿಯನ್ನು ಗವಿಯಲ್ಲಿ ಆರೆಂಟು ವಾರ ಇಟ್ಟರೆ ಒಳಗೆಲ್ಲ ಹಸಿರು ಪುಡಿ ತುಂಬುತ್ತದೆ. ಅದನ್ನು ಒಣಗಿಸಿ, ಉದುರಿಸಿ, ಚೀಸಿಗೆ ಹಾಕುತ್ತಿದ್ದರು. ಆ ಬೂಷ್ಟಿನ ಹೆಸರೇ ಪೆನಿಸಿಲಿಯಂ ರೊಕ್‌ಫೋರ್ಟಿ, ಊರಿನ ಹೆಸರನ್ನೇ ಹೊತ್ತದ್ದು. ಈಗ ಬಹುಪಾಲು ಪ್ರಯೋಗಶಾಲೆಯಲ್ಲಿ ಬೆಳೆಸುತ್ತಾರೆ. ಆದರೆ ತಳಿ ಕೊಂಬಾಲು ಗವಿಗಳದ್ದೇ ಇರಬೇಕು ಅನ್ನುವುದು ನಿಯಮ. ಇದರಿಂದ ಒಂದು ಒಳ್ಳೆಯದಾಗಿದೆ. ಲೋಕದ ಬೇರೆ ನೀಲಿ ಚೀಸುಗಳ ಬೂಷ್ಟು ಬಹುತೇಕ ಒಂದೇ ಅಚ್ಚಿನದು, ಎಲ್ಲರೂ ಬೇಗ ಬೆಳೆಯುವ ತಳಿಯನ್ನೇ ಕೊಂಡುಕೊಂಡರು. ರೊಕ್‌ಫೋರ್‌ನದು ಬೇರೆ ಕವಲು, ಅದರೊಳಗೆ ವೈವಿಧ್ಯವೂ ಹೆಚ್ಚು ಉಳಿದಿದೆ. ಹಟಮಾರಿ ನಿಯಮ ಒಂದು ಜೀವಿಯನ್ನು ಉಳಿಸಿತು.

ಚೀಸ್ ಆಗುವ ಬಗೆ ಚುಟುಕಾಗಿ ಹೇಳಿಬಿಡುತ್ತೇನೆ. ಲಾಕೋನ್ ತಳಿಯ ಕುರಿಯ ಹಾಲು, ಕಾಯಿಸದ ಹಸಿ ಹಾಲು. ಒಂದು ಕಿಲೋ ಚೀಸಿಗೆ ಸುಮಾರು ನಾಲ್ಕೂವರೆ ಲೀಟರ್ ಬೇಕು. ಒಂದು ಉಂಡೆ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಹಾಗಾಗಿ ಮಗಳು ತಂದದ್ದು ಕಾಲು ಉಂಡೆ ಆಗಿದ್ದರೂ ಅದರ ಹಿಂದೆ ಮೂರು ಲೀಟರ್ ಹಾಲಿದೆ. ಉಪ್ಪು ಸವರಿ, ಉದ್ದ ಸೂಜಿಗಳಿಂದ ಉಂಡೆಯನ್ನು ಚುಚ್ಚುತ್ತಾರೆ. ಬೂಷ್ಟಿಗೆ ಉಸಿರಾಡಲು ದಾರಿ ಬೇಕಲ್ಲ. ನಿಮ್ಮ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ನೀಲಿ ಗೆರೆ ಕೆಲವು ಕಡೆ ನೆಟ್ಟಗೆ ಇರುತ್ತದೆ. ಅದು ಸೂಜಿ ಹೋದ ದಾರಿ. ಆಮೇಲೆ ಗವಿಯಲ್ಲಿ ಕಡಿಮೆ ಅಂದರೆ 14 ದಿನ ಬರಿಮೈಯಲ್ಲಿ ಕೂರಬೇಕು. ಅಷ್ಟು ಸಾಕಾ ಅಂತ ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಅದಾದ ಮೇಲೆ ತವರದ ತೆಳು ಹಾಳೆಯಲ್ಲಿ ಸುತ್ತಿ, ಗಾಳಿ ತಪ್ಪಿಸಿ, ತಂಪಿನಲ್ಲಿ ನಿಧಾನಕ್ಕೆ ಮಾಗಲು ಬಿಡುತ್ತಾರೆ. ಒಟ್ಟು 90 ದಿನಕ್ಕೆ ಮೊದಲು ಮಾರುವ ಹಾಗಿಲ್ಲ.

ಸಸ್ಯಾಹಾರಿಗಳಾದರೆ ಒಂದು ಮಾತು: ಹಾಲು ಗಟ್ಟಿ ಮಾಡಲು ಹಾಕುವುದು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್. ತಿಂದಾಗಿದ್ದರೆ ಬಿಡಿ, ಮುಂದಕ್ಕೆ ಗೊತ್ತಿರಲಿ.

ಈ ಗವಿಗಳ ಕೆಲಸ ಬಹುಕಾಲ ಹೆಂಗಸರದು. ಗವಿಯನ್ನು ಅಲ್ಲಿ 'ಕಬಾನ್' ಅನ್ನುತ್ತಿದ್ದರು, ಹಾಗಾಗಿ ಇವರು 'ಕಬಾನಿಯೇರ್'. ಉಪ್ಪು ಸವರುವುದು, ಉಂಡೆ ತಿರುಗಿಸುವುದು, ಮೇಲೆ ಬಂದ ಲೋಳೆ ಹೆರೆಯುವುದು, ತವರದ ಹಾಳೆ ಸುತ್ತುವುದು, ಎಲ್ಲ ಅವರ ಕೈಯಲ್ಲಿ. ಚಳಿ, ತೇವ, ಹಗಲು ಕಾಣದ ಕೆಲಸ. ಹಳೇ ಚಿತ್ರಗಳಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತಿರುವುದು ಕಾಣುತ್ತದೆ. ಊರಿನ ಹೆಸರು ದೊಡ್ಡದಾದದ್ದರಲ್ಲಿ ಇವರ ಪಾಲು ಗಾಳಿಯಷ್ಟೇ ಇದೆ, ಆದರೆ ಗಾಳಿಗೆ ಸಿಕ್ಕಷ್ಟು ಹೊಗಳಿಕೆ ಇವರಿಗೆ ಸಿಗಲಿಲ್ಲ.

ಈಗ ಕಾಗದದ ಕಥೆ. 1411ರಲ್ಲಿ ರಾಜ ಆರನೇ ಚಾರ್ಲ್ಸ್, ಈ ಚೀಸನ್ನು ಮಾಗಿಸುವ ಹಕ್ಕು ರೊಕ್‌ಫೋರ್‌ನವರಿಗೆ ಮಾತ್ರ ಅಂತ ಬರೆದುಕೊಟ್ಟ. 1666ರಲ್ಲಿ ತುಲೂಸ್‌ನ ಉನ್ನತ ನ್ಯಾಯಾಲಯ, ಬೇರೆ ಕಡೆಯ ಚೀಸನ್ನು ಈ ಹೆಸರಲ್ಲಿ ಮಾರುವ ವ್ಯಾಪಾರಿಗಳಿಗೆ ದಂಡ ಅಂತ ತೀರ್ಪು ಕೊಟ್ಟಿತು. ಅಂದರೆ ನಕಲಿ ಮಾಲಿನ ಕಾಟ ಆಗಲೇ ಅಷ್ಟಿತ್ತು! 1925ರಲ್ಲಿ ಫ್ರಾನ್ಸ್‌ನ ಸಂಸತ್ತು ಈ ಒಂದು ಚೀಸಿಗಾಗಿಯೇ ಕಾನೂನು ಮಾಡಿತು. ಹುಟ್ಟಿದ ಊರಿನ ಹೆಸರಿಗೆ ಕಾನೂನಿನ ಕಾವಲು ಸಿಕ್ಕ ಮೊದಲ ಚೀಸ್ ಇದು. 1961ರಲ್ಲಿ ಮಿಯೋ ನ್ಯಾಯಾಲಯ ಇನ್ನೂ ಬಿಗಿ ಮಾಡಿ, ಕೊಂಬಾಲುವಿನ ಆ ಕಲ್ಲುರಾಶಿಯ ಸಹಜ ಗವಿಗಳಲ್ಲಿ ಮಾಗಿದ್ದು ಮಾತ್ರ ರೊಕ್‌ಫೋರ್ ಅಂದಿತು. 1996ರಲ್ಲಿ ಯುರೋಪಿನ ಮುದ್ರೆಯೂ ಬಿತ್ತು. ಕತ್ತರಿಸಿ ಪ್ಯಾಕ್ ಮಾಡುವ ಕೆಲಸ ಕೂಡ ಊರಿನ ಎಲ್ಲೆಯೊಳಗೇ ಆಗಬೇಕು ಅಂತ ನಿಯಮವಿದೆ. ಐನೂರು ಜನರ ಊರಿಗೆ ಬೆಳಗಾದರೆ ಅಕ್ಕಪಕ್ಕದ ಊರುಗಳಿಂದ ಕೆಲಸಗಾರರು ಕಾರು ಓಡಿಸಿಕೊಂಡು ಬರುವುದು ಈ ನಿಯಮದಿಂದಲೇ. ಹೆಸರು ಅಂಟಿಸುತ್ತಾರಾ ಅಂತ ಕೇಳಿದಿರಲ್ಲ, ಇಲ್ಲಿ ಅಂಟಿಸುವುದಕ್ಕೂ ಊರಿಗೇ ಬರಬೇಕು.

ದೊಡ್ಡ ಹಣ ಬಂದದ್ದು 19ನೇ ಶತಮಾನದಲ್ಲಿ. 1842ರಲ್ಲಿ ಗವಿ ಮಾಲೀಕರು ಕೆಲವರು ಸೇರಿ ಕೂಟ ಕಟ್ಟಿದರು. ಅದೇ ಮುಂದೆ 'ಸೊಸಿಯೆತೆ' ಅನ್ನುವ ಬ್ರ್ಯಾಂಡ್ ಆಯಿತು. ರೈಲು ಪಕ್ಕದ ತೂರ್ನಮೀರ್‌ವರೆಗೆ ಬಂತು, ಚೀಸ್ ಪ್ಯಾರಿಸ್ ಮುಟ್ಟಿತು, ಹಡಗು ಹತ್ತಿತು. ಬೇಡಿಕೆ ಎಷ್ಟಾಯಿತೆಂದರೆ ಸುತ್ತಲ ಹಾಲು ಸಾಲದೆ, ಕಾರ್ಸಿಕಾ ದ್ವೀಪದಲ್ಲಿ, ಪಿರೆನೀಸ್ ಬೆಟ್ಟಗಳಲ್ಲಿ ಡೈರಿ ಹಾಕಿ, ಬಿಳಿ ಉಂಡೆಗಳನ್ನು ಮಾಡಿಸಿ ಇಲ್ಲಿಗೆ ತರಿಸುತ್ತಿದ್ದರು. ಆಮೇಲೆ ಲಾಕೋನ್ ಕುರಿಯ ತಳಿ ಸುಧಾರಿಸಿತು. 1960ರ ದಶಕದಲ್ಲಿ ಒಂದು ಕುರಿ ಒಂದು ಹಂಗಾಮಿಗೆ ನೂರು ಲೀಟರೂ ಕೊಡುತ್ತಿರಲಿಲ್ಲ. ಈಗ ಮುನ್ನೂರರ ಹತ್ತಿರ. ಹಾಲು ಸಾಲದು ಅನ್ನುವ ಕಷ್ಟ ಹೋಗಿ, ಹಾಲು ಜಾಸ್ತಿ ಅನ್ನುವ ಕಷ್ಟ ಬಂತು.

ಹೆಚ್ಚಾದ ಹಾಲಿನಿಂದ ಏನು ಮಾಡಿದರು ಗೊತ್ತಾ? ಗ್ರೀಸ್‌ನವರ ಫೆಟಾ ಚೀಸ್! ಒಂದು ಹೆಸರನ್ನು ಆರುನೂರು ವರ್ಷ ಕಾವಲು ಕಾದ ಸೀಮೆಯ ಹಾಲು ಇನ್ನೊಬ್ಬರ ಹೆಸರಲ್ಲಿ ಡಬ್ಬಿ ಸೇರಿತು. ಗ್ರೀಸ್ ಸುಮ್ಮನಿರಲಿಲ್ಲ. 2002ರಲ್ಲಿ ಫೆಟಾ ಹೆಸರು ಗ್ರೀಸ್‌ಗೆ ಮಾತ್ರ ಅಂತ ಯುರೋಪ್ ಒಕ್ಕೂಟ ಹೇಳಿತು, 2005ರಲ್ಲಿ ಒಕ್ಕೂಟದ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಫ್ರೆಂಚರು ಆ ಹೆಸರು ಅಳಿಸಬೇಕಾಯಿತು. ಅವರದೇ ಅಸ್ತ್ರ, ಅವರ ಮೇಲೇ ಬಿತ್ತು. ನನಗಂತೂ ಈ ಪ್ರಸಂಗ ಬಹಳ ಇಷ್ಟ.

ಕುರಿಯ ಸುತ್ತ ಇನ್ನೊಂದು ಕಸುಬೂ ಬೆಳೆದಿತ್ತು. ಹಾಲು ಚೀಸಿಗೆ ಬೇಕು ಅಂದರೆ ಮರಿಗಳನ್ನು ಬೇಗ ಬಿಡಿಸಬೇಕು. ಬಹಳಷ್ಟು ಮರಿಗಳು ಎಳೆಯದರಲ್ಲೇ ಕಟುಕರ ಪಾಲು. ಅವುಗಳ ತೆಳು, ನುಣುಪು ಚರ್ಮದಿಂದ ಮಿಯೋ ಪಟ್ಟಣ ಕೈಗವಸು ಹೊಲಿದು ಹೆಸರು ಮಾಡಿತು. ಪ್ಯಾರಿಸ್‌ನ ಶ್ರೀಮಂತರ ಊಟದ ಮೇಜಿನ ಮೇಲೆ ಚೀಸು, ಕೈಯಲ್ಲಿ ಗವಸು, ಎರಡೂ ಒಂದೇ ಕೊಟ್ಟಿಗೆಯಿಂದ. ಕೈಗವಸು ಹಾಕುವ ಫ್ಯಾಷನ್ ಹೋದ ಮೇಲೆ ಮಿಯೋ ಬಡವಾಯಿತು. ರೊಕ್‌ಫೋರ್‌ಗೆ ಆ ಗತಿ ಬರಲಿಲ್ಲ, ಕಾಗದ ಇತ್ತಲ್ಲ. ನಾಜೂಕಾಗಿ ಹೊಲಿದ ಗವಸು ಯಾವ ಊರಲ್ಲಾದರೂ ಹೊಲಿಯಬಹುದು.

ಈ ಸೀಮೆಯಲ್ಲಿ ನಮಗೆ ಸಂಬಂಧಪಟ್ಟದ್ದೂ ಇದೆ, ಹೇಳದೆ ಬಿಡಲಾರೆ. 1971ರಲ್ಲಿ ಫ್ರಾನ್ಸ್ ಸರ್ಕಾರ ಲಾರ್ಜಾಕ್ ಬಯಲಿನ ಮಿಲಿಟರಿ ಕ್ಯಾಂಪನ್ನು 3,000 ಹೆಕ್ಟೇರಿನಿಂದ 17,000ಕ್ಕೆ ಹಿಗ್ಗಿಸುವುದಾಗಿ ಹೇಳಿತು. ರೊಕ್‌ಫೋರ್‌ಗೆ ಹಾಲು ಹಾಕುವ ಕುರಿ ಸಾಕಣೆಗಾರರ ಜಮೀನು ಅದು. 103 ಮಂದಿ ಜಮೀನು ಬಿಡುವುದಿಲ್ಲ ಅಂತ ಪ್ರಮಾಣ ಮಾಡಿದರು. ಆಗ ಅವರ ನಡುವೆ ಬಂದು 15 ದಿನ ಉಪವಾಸ ಕೂತವರು ಲಾಂಜಾ ದೆಲ್ ವಾಸ್ತೊ. 1937ರಲ್ಲಿ ಗಾಂಧೀಜಿಯ ಹತ್ತಿರ ಬಂದಿದ್ದವರು, ಗಾಂಧೀಜಿಯಿಂದ 'ಶಾಂತಿದಾಸ' ಅಂತ ಹೆಸರು ಪಡೆದವರು. ಹಿಂಸೆ ಬೇಡ ಅನ್ನುವ ಹಾದಿ ಆ ರೈತರಿಗೆ ಒಗ್ಗಿತು. 1972ರಲ್ಲಿ ಪ್ಯಾರಿಸ್‌ನ ಐಫೆಲ್ ಗೋಪುರದ ಕೆಳಗೆ 60 ಕುರಿ ತಂದು ಬಿಟ್ಟರು. ಹತ್ತು ವರ್ಷ ಹೋರಾಡಿದರು. 1981ರಲ್ಲಿ ಮಿತೆರಾಂ ಅಧ್ಯಕ್ಷರಾದ ಕೂಡಲೇ ಯೋಜನೆ ರದ್ದಾಯಿತು.

ಆ ಹೋರಾಟದಲ್ಲಿ ಬೆಳೆದ ಕುರಿ ಸಾಕಣೆಗಾರ ಜೋಸೆ ಬೊವೆ. 1999ರಲ್ಲಿ, ಹಾರ್ಮೋನ್ ಕೊಟ್ಟ ದನದ ಮಾಂಸವನ್ನು ಯುರೋಪ್ ಒಳಗೆ ಬಿಡಲಿಲ್ಲ ಅಂತ ಅಮೆರಿಕ ಸೇಡಿಗೆ ಯುರೋಪಿನ ಹಲವು ಪದಾರ್ಥಗಳ ಮೇಲೆ ಶೇಕಡಾ 100 ಸುಂಕ ಹಾಕಿತು. ಪಟ್ಟಿಯಲ್ಲಿ ರೊಕ್‌ಫೋರ್ ಕೂಡ ಇತ್ತು. ಕುರಿ ಸಾಕುವವರಿಗೂ ದನದ ಹಾರ್ಮೋನಿಗೂ ಏನು ಸಂಬಂಧ? ಆಗಸ್ಟ್ 12ರಂದು ಬೊವೆ ಮತ್ತು ಜೊತೆಗಾರರು ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡವನ್ನು ಹಾಡಹಗಲೇ ಕಳಚಿ ಹಾಕಿದರು. ಅದಕ್ಕೆ ಎರಡು ತಿಂಗಳು ಮೊದಲು, ಜೂನ್‌ನಲ್ಲಿ, ಭಾರತದ ನೂರಾರು ರೈತರು ಯುರೋಪ್ ಸುತ್ತಿದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ಮುಂದೆ ನಿಂತು ಸಂಘಟಿಸಿದ ಪ್ರಯಾಣ ಅದು. ಮೋಂಪೆಲಿಯೆ ನಗರದ ಸಂಶೋಧನಾ ಕೇಂದ್ರದಲ್ಲಿ ಕುಲಾಂತರಿ ಭತ್ತದ ಸಸಿ ಕಿತ್ತುಹಾಕಿದಾಗ ಬೊವೆಯವರ ಸಂಘಟನೆಯ ಜೊತೆ ಈ ರೈತರೂ ಇದ್ದರು. 1996ರಲ್ಲಿ ಬೆಂಗಳೂರಿನ ಕೆಎಫ್‌ಸಿಗೆ ನುಗ್ಗಿದ್ದು ಇದೇ ರೈತ ಸಂಘ. ಹಸಿರು ಶಾಲಿನವರೂ ಕೊಂಬಾಲು ಸೀಮೆಯವರೂ ಭೇಟಿಯಾದದ್ದು ಕಾಕತಾಳೀಯ ಏನಲ್ಲ. ಸುಂಕದ ಕಥೆ ಅಲ್ಲಿಗೆ ಮುಗಿಯಲಿಲ್ಲ. 2009ರ ಜನವರಿಯಲ್ಲಿ ಅಮೆರಿಕ ಅದನ್ನು ಶೇಕಡಾ 300ಕ್ಕೆ ಏರಿಸುವುದಾಗಿ ಹೇಳಿತು, ಮೇ ತಿಂಗಳಲ್ಲಿ ರಾಜಿಯಾಗಿ ಕೈಬಿಟ್ಟಿತು.

ಈಗಿನ ಸ್ಥಿತಿ ಹೇಗಿದೆ? ಊರಲ್ಲಿ ಚೀಸ್ ಮಾಗಿಸುವ ಮನೆಗಳು ಏಳು. ಅದರಲ್ಲಿ ಸೊಸಿಯೆತೆ ಒಂದೇ ಅರ್ಧಕ್ಕಿಂತ ಹೆಚ್ಚು ಮಾಲು ಹೊರಡಿಸುತ್ತದೆ. ಅದು ಈಗ ಲಾಕ್ಟಾಲಿಸ್ ಅನ್ನುವ ಜಗತ್ತಿನ ದೊಡ್ಡ ಹಾಲಿನ ಕಂಪನಿಯ ಕೈಯಲ್ಲಿದೆ. ಉಳಿದವುಗಳಲ್ಲಿ ಸಣ್ಣ ಮನೆತನದ ವ್ಯಾಪಾರಗಳೂ ಇವೆ, ಸಹಕಾರಿಯದೂ ಇದೆ. ಒಟ್ಟು ಉತ್ಪಾದನೆ ವರ್ಷಕ್ಕೆ ಸುಮಾರು 15,000 ಟನ್, ಹಿಂದಿಗಿಂತ ಇಳಿದಿದೆ. ಎಳೆಯರಿಗೆ ಈ ಖಾರ ವಾಸನೆ ಬೇಡವಾಗುತ್ತಿದೆ. 2019ರಲ್ಲಿ ಸೊಸಿಯೆತೆಯೇ ಪಾಶ್ಚರೀಕರಿಸಿದ ಕುರಿಹಾಲಿನ, ಮೆತ್ತನೆಯ ರುಚಿಯ ಬೇರೊಂದು ನೀಲಿ ಚೀಸ್ ಹೊರತಂದಿತು, ರೊಕ್‌ಫೋರ್ ಪೊಟ್ಟಣವನ್ನೇ ನೆನಪಿಸುವ ಪೊಟ್ಟಣದಲ್ಲಿ. ಬೊವೆ ಮತ್ತೆ ಸಿಡಿದರು. ಕಾನೂನಿನ ಪ್ರಕಾರ ತಪ್ಪಿಲ್ಲ, ಅದರ ಮೇಲೆ ರೊಕ್‌ಫೋರ್ ಅಂತ ಬರೆದಿಲ್ಲ. ಆದರೆ ನನಗೆ ಊರಿನ ಮುಂದಿನ ಕಷ್ಟ ಕಾಣುವುದು ಇಲ್ಲೇ. ಹೊರಗಿನ ನಕಲಿಯವನನ್ನು ಕಾಗದ ತಡೆಯಿತು. ಒಳಗಿನ ದೊಡ್ಡಣ್ಣ ಬೇರೆ ಹೆಸರಲ್ಲಿ ಬೇರೆ ಮಾಲು ಮಾರಿದರೆ ಯಾವ ಕಾಗದವೂ ತಡೆಯುವುದಿಲ್ಲ. ಊರಿಗಾದರೂ ಬೇರೆ ಉಪಾಯವಿಲ್ಲ. ಕಾರ್ಖಾನೆ ಕಟ್ಟಲು ಸಮತಟ್ಟು ಜಾಗವಿಲ್ಲ, ಹೊಲವಿಲ್ಲ. ಗವಿ ನೋಡಲು ಬರುವ ಪ್ರವಾಸಿಗರಿದ್ದಾರೆ, ಅವರು ಬರುವುದೂ ಚೀಸಿಗಾಗಿಯೇ.

ಮಗಳಿಗೆ ಇನ್ನೊಮ್ಮೆ ತರಲು ಹೇಳುವುದಾದರೆ ಪೊಟ್ಟಣದ ಮೇಲೆ ಕೆಂಪು ಕುರಿಯ ಮುದ್ರೆ ನೋಡಲಿ. ಏಳು ಮನೆಯವರಿಗೂ ಒಂದೇ ಮುದ್ರೆ. ನೀವೇ ಹೋಗುವ ಯೋಚನೆ ಇದ್ದರೆ ಮಿಯೋವರೆಗೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಅರ್ಧ ಗಂಟೆ ಚಿಲ್ಲರೆ. ಊರು ನೋಡಲು ಚೆಂದ ಅಂತ ಸುಳ್ಳು ಹೇಳಲಾರೆ. ಒಂದು ಉದ್ದ ಬೀದಿ, ಗೋಡೌನಿನಂಥ ಕಟ್ಟಡಗಳು, ಹಿಂದೆ ಬಂಡೆಗೋಡೆ. ಕುರಿಗಳು ಹಾಲು ಕೊಡುವುದು ಚಳಿಗಾಲದಿಂದ ಜುಲೈವರೆಗೆ, ಆದ್ದರಿಂದ ಏಪ್ರಿಲ್-ಮೇನಲ್ಲಿ ಹೋದರೆ ಗವಿಯ ಹಲಗೆ ತುಂಬಾ ಬಿಳಿ ಉಂಡೆಗಳು ಸಾಲಾಗಿ ಕೂತಿರುತ್ತವೆ. ಅಕ್ಟೋಬರ್‌ನಲ್ಲಿ ಹೋದರೆ ಬರೀ ಹಲಗೆ, ಗಾಳಿ. ಯಾವಾಗ ಹೋದರೂ ಸ್ವೆಟರ್ ಮರೆಯಬೇಡಿ.